ಪಂಪು ಮೂಲೆಗೆ, ಪಂಪಿನ ಮಿಸ್ತ್ರಿ ಎಲ್ಲಿಗೆ?

ಬಸವಕಲ್ಯಾಣದ ಆಟೋ ನಗರದಲ್ಲಾಗಲಿ, ಹುಮನಾಬಾದಿನ ಹೆದ್ದಾರಿಯ ಬದಿಯಲ್ಲಾಗಲಿ, ಹಳೆಯ ಮಿಸ್ತ್ರಿಗಳ ಬಾಯಲ್ಲಿ ಮೈಕೋ ಎಂದರೆ ಕಂಪನಿಯಲ್ಲ, ಡೀಸೆಲ್ ಪಂಪು. ಆ ಹೆಸರು ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಅಳಿಸಿಹೋದ ಕಥೆಗೂ ನಮ್ಮ ರಸ್ತೆಬದಿಯ ಅಂಗಡಿಗಳ ಇಂದಿನ ಸಂಕಟಕ್ಕೂ ಸಂಬಂಧವಿದೆ.

ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಥಾಪನೆಯಾದುದು 1951ರಲ್ಲಿ, ಜರ್ಮನಿಯ ಬಾಷ್ ಕಂಪನಿಯ ಆಸರೆಯಲ್ಲಿ. ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗು, ಪಂಪು, ನಾಜಲ್ಲುಗಳು ತಯಾರಾದವು. ದೇಶದ ಲಾರಿಗಳು ಅವನ್ನೇ ಹೊತ್ತು ಓಡಿದವು. ಊರಿನ ಒಂದು ಬಡಾವಣೆಗೇ ಮೈಕೋ ಲೇಔಟ್ ಎಂಬ ಹೆಸರು ಬಂತು. 2008ರಲ್ಲಿ ಕಂಪನಿ ಬಾಷ್ ಲಿಮಿಟೆಡ್ ಆಯಿತು. ತಯಾರಿಕೆ ಹಂತಹಂತವಾಗಿ ಬಿಡದಿಗೆ ಸರಿಯಿತು. 2022ರಲ್ಲಿ ಆಡುಗೋಡಿಯ 76 ಎಕರೆಯಲ್ಲಿ ಸಾಫ್ಟ್‌ವೇರಿನವರ ಹೊಸ ಆವರಣ ಉದ್ಘಾಟನೆಯಾಯಿತು. ಬಂಡವಾಳ ಬೀಳಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಅದು ಅಂಗಿ ಬದಲಿಸಿತು, ಅಷ್ಟೆ. ಬಿದ್ದದ್ದು ಆ ಪಂಪು, ಮತ್ತು ಅದನ್ನು ನಂಬಿದವರ ಕಸುಬು.

ಆ ಪಂಪಿನಲ್ಲಿ ಗುಟ್ಟೇನೂ ಇರಲಿಲ್ಲ. ಒಂದೊಂದು ಸಿಲಿಂಡರಿಗೆ ಒಂದೊಂದು ಎಲಿಮೆಂಟು, ಮೇಲೆ ಡೆಲಿವರಿ ವಾಲ್ವು, ಪಕ್ಕದಲ್ಲಿ ಗವರ್ನರು. ಬಿಚ್ಚಿ ತೊಳೆದು, ಸವೆದದ್ದನ್ನು ಬದಲಿಸಿ, ಟೆಸ್ಟ್ ಬೆಂಚಿನ ಮೇಲೆ ಕೂರಿಸಿ, ಎಲ್ಲ ಬಾಯಿಗಳಿಂದಲೂ ಸಮನಾಗಿ ಡೀಸೆಲ್ ಬೀಳುವಂತೆ ಹದಮಾಡಿದರೆ ಲಾರಿ ಮತ್ತೆ ದುಡಿಮೆಗೆ ಸಿದ್ಧ. ಶಾಲೆಯ ಮೆಟ್ಟಿಲು ಹತ್ತದ ಹುಡುಗನೂ ಉಸ್ತಾದನ ಕೈಕೆಳಗೆ ನಾಲ್ಕು ವರ್ಷ ಕೈ ಕಪ್ಪು ಮಾಡಿಕೊಂಡು ಇದನ್ನು ಕಲಿಯಬಲ್ಲವನಾಗಿದ್ದ. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಗೆ ಕಬ್ಬು ತರುತ್ತಿದ್ದ ಲಾರಿ ಕೆಟ್ಟುನಿಂತರೆ ಮಾಲೀಕ ಕಂಪನಿಗೆ ಕಾಗದ ಬರೆಯುತ್ತಿರಲಿಲ್ಲ, ಮಿಸ್ತ್ರಿಯನ್ನು ಕೂಗುತ್ತಿದ್ದ. ಬೆಂಗಳೂರಿನ ಕಾರ್ಮಿಕ ಮಾಡಿದ ಪಂಪಿಗೆ ಇಲ್ಲಿನ ಕಾರ್ಮಿಕ ಎರಡನೆಯ, ಮೂರನೆಯ ಆಯುಷ್ಯ ಕೊಡುತ್ತಿದ್ದ.

ಹೊಗೆಯ ನಿಯಮಗಳು ಬಿಗಿಯಾದವು: 2017ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್ 4, 2020ರ ಏಪ್ರಿಲ್ 1ರಿಂದ ಬಿಎಸ್ 6. ಹಳೆಯ ಪಂಪಿನ ಜಾಗಕ್ಕೆ ಕಾಮನ್ ರೈಲು, ಸೆನ್ಸರು, ಎಲ್ಲಕ್ಕೂ ಒಡೆಯನಾಗಿ ಒಂದು ಕಂಪ್ಯೂಟರ್ ಪೆಟ್ಟಿಗೆ. ಶುದ್ಧ ಗಾಳಿಗೆ ನಮ್ಮ ವಿರೋಧವಿಲ್ಲ. ಆ ಹೊಗೆಯನ್ನು ಮೊದಲು ಕುಡಿಯುವವನು ಲಾರಿಯ ಕ್ಲೀನರೇ. ಆದರೆ ಆ ಪೆಟ್ಟಿಗೆಯನ್ನು ಓದುವ ಯಂತ್ರವೂ ಅದರ ಕೋಡುಗಳೂ ಕಂಪನಿಯ ಡೀಲರನ ಕೈಯಲ್ಲಿದ್ದರೆ, ಪಾನೆ ಹಿಡಿದ ಮಿಸ್ತ್ರಿ ಏನು ಬಿಚ್ಚಬೇಕು? ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗೆಂದು ಜಾಲತಾಣ ತೆರೆದು ಅದರಲ್ಲಿ ವಾಹನಗಳನ್ನೂ ಸೇರಿಸಿತು. ಜಾಲತಾಣದಿಂದ ಇಂಜೆಕ್ಟರು ರಿಪೇರಿಯಾಗುವುದಿಲ್ಲ.

ಹಳೆಯ ಲಾರಿಯನ್ನೇ ನಂಬಿಕೊಳ್ಳೋಣವೆಂದರೆ ಅದಕ್ಕೂ ಕುತ್ತು. 15 ವರ್ಷ ಮೀರಿದ ಭಾರಿ ಲಾರಿಯ ಫಿಟ್‌ನೆಸ್ ನವೀಕರಣಕ್ಕೆ 2022ರ ಏಪ್ರಿಲ್ 1ರಿಂದ 12,500 ರೂಪಾಯಿ ಶುಲ್ಕವನ್ನು ಕೇಂದ್ರ ನಿಗದಿಮಾಡಿತು. 2021ರ ನಿಯಮಗಳ ಪ್ರಕಾರ ಗುಜರಿ ವಾಹನ ಒಡೆಯಬೇಕಾದುದು ನೋಂದಾಯಿತ ಕೇಂದ್ರದಲ್ಲಿ. ಅಂಥ ಕೇಂದ್ರಕ್ಕೆ ಬೇಕಾದ ಜಾಗ, ಯಂತ್ರ, ಠೇವಣಿ ಎಲ್ಲವೂ ದೊಡ್ಡ ಹಣದವನ ಅಳತೆಗೆ ಹೊಲಿದ ಅಂಗಿ. ಒಂದು ಗೇರ್‌ಬಾಕ್ಸು, ಎರಡು ಹೌಸಿಂಗು, ನಾಲ್ಕು ಪಾಟಾ ಇಟ್ಟುಕೊಂಡು ಸಂಸಾರ ತೂಗುವ ವ್ಯಾಪಾರಿ ಅದನ್ನು ತೊಡಲಾರ.

ಆದುದರಿಂದ ಸರ್ಕಾರದ ಮುಂದೆ ನಮ್ಮ ಬೇಡಿಕೆ ಇದು. ಆಟೋ ನಗರದ ಗುಜರಿಯವರೂ ಬಿಡಿಭಾಗದ ವ್ಯಾಪಾರಸ್ಥರೂ ಕೂಡಿ ಸಹಕಾರಿ ಸಂಘ ಕಟ್ಟಿಕೊಂಡರೆ ಒಡೆಯುವ ಕೇಂದ್ರದ ನೋಂದಣಿಯನ್ನು ಅದಕ್ಕೆ ಕೊಡಬೇಕು; ಜಾಗವನ್ನು ಸರ್ಕಾರ ಗುತ್ತಿಗೆಗೆ ಒದಗಿಸಬೇಕು. ಹುಮನಾಬಾದಿನಲ್ಲೊಂದು, ಕಲ್ಯಾಣದಲ್ಲೊಂದು ಸಾರ್ವಜನಿಕ ಪರೀಕ್ಷಾ ಶಾಲೆ ತೆರೆದು, ಹೊಸ ಇಂಜಿನ್ನು ಓದುವ ಯಂತ್ರಗಳನ್ನಿಟ್ಟು, ಗಂಟೆಯ ಬಾಡಿಗೆಗೆ ಯಾವ ಮಿಸ್ತ್ರಿಯಾದರೂ ಬಳಸುವಂತಾಗಬೇಕು. ಕಲಿಕೆ ಕನ್ನಡದಲ್ಲೂ ಉರ್ದುವಿನಲ್ಲೂ ನಡೆಯಬೇಕು, ಅದೂ ಸಂಜೆ ಹೊತ್ತು, ದಿನಗೂಲಿ ತಪ್ಪದಂತೆ. ದುರಸ್ತಿಯ ಕೈಪಿಡಿಗಳನ್ನು ಕಂಪನಿಗಳು ಕಡ್ಡಾಯವಾಗಿ ಬಿಟ್ಟುಕೊಡುವ ಕಾಯಿದೆ ದೆಹಲಿಯಲ್ಲಿ ಆಗಬೇಕಾದ ಕೆಲಸ. ಅದನ್ನು ಕೇಳುವ ಹೊಣೆ ಬೀದರಿನ ಸಂಸದರದು. ಸಂಘದ ಅರ್ಜಿಗೆ ಅಂಗಡಿ ಅಂಗಡಿಯಿಂದ ಸಹಿ ಬೀಳಲಿ.