ಓಡುವವನ ನಡೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾಲಿಗೆ ಕೈತುಂಬ ಕೆಲಸ, ಆದರೆ ಚೆಂಡು ಒದೆಯುವ ಕೆಲಸ ಮಾತ್ರ ಅಪರೂಪ. ನಾಲ್ಕು ಯತ್ನಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಯತ್ನ. ತಂಡದ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನಿಂದ ಚೆಂಡು ಪಡೆದು, ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ನಡುವೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಅವನಿಗಾಗಿ ಐವರು ದಢೂತಿ ಲೈನ್‌ಮನ್‌ಗಳು ಎದುರಾಳಿಗಳನ್ನು ಅತ್ತಿತ್ತ ತಳ್ಳಿ ಸಂದು ಮಾಡಿಕೊಡುತ್ತಾರೆ. ಆ ಸಂದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಎಷ್ಟೋ ಸಲ ತೆರೆಯುವುದೇ ಇಲ್ಲ. ಆಗ ಏನು ಮಾಡುತ್ತಾನೆ ಎನ್ನುವುದರಲ್ಲೇ ಓಟಗಾರನ ಶೈಲಿ ಇರುವುದು.

ಡೆಟ್ರಾಯ್ಟ್ ಲಯನ್ಸ್‌ನ ಬ್ಯಾರಿ ಸ್ಯಾಂಡರ್ಸ್, ಡಲ್ಲಾಸ್ ಕೌಬಾಯ್ಸ್‌ನ ಎಮಿಟ್ ಸ್ಮಿತ್. 1990ರ ದಶಕದ ಈ ಇಬ್ಬರೂ ಆ ಆಟದ ಲೆಕ್ಕಕ್ಕೆ ಕುಳ್ಳರೇ. ಹೋಲಿಕೆ ಅಲ್ಲಿಗೆ ಮುಗಿಯಿತು.

ಸಂದು ಮುಚ್ಚಿದರೆ ಸ್ಯಾಂಡರ್ಸ್ ಗಕ್ಕನೆ ನಿಲ್ಲುತ್ತಿದ್ದ, ಗಿರ್ರನೆ ತಿರುಗುತ್ತಿದ್ದ, ಮುಂದೆ ಹೋಗಲು ಐದು ಗಜ ಹಿಂದಕ್ಕೂ ಓಡುತ್ತಿದ್ದ. ಹಿಡಿಯಲು ಬಂದವರ ತೋಳಿಗೆ ಸಿಕ್ಕುತ್ತಿದ್ದುದು ಬರೀ ಗಾಳಿ. ಈ ಸೊಗಸಿಗೆ ಬೆಲೆಯೂ ಇತ್ತು. 1994ರಲ್ಲಿ 1,883 ಗಜ ಓಡಿ ಲೀಗ್‌ಗೇ ಮೊದಲಿಗನಾದ ಇದೇ ಮನುಷ್ಯ, ಆ ಡಿಸೆಂಬರ್ 31ರಂದು ಗ್ರೀನ್ ಬೇಯಲ್ಲಿ ನಡೆದ ನಾಕೌಟ್ ಪಂದ್ಯದಲ್ಲಿ 13 ಬಾರಿ ಓಡಿ ಗಳಿಸಿದ್ದು ಮೈನಸ್ ಒಂದು ಗಜ. ಗುರಿಗೆರೆ ಎರಡು ಗಜ ದೂರವಿದ್ದಾಗ ತರಬೇತುದಾರರು ಅವನನ್ನು ಹೊರಗೆ ಕೂರಿಸಿದ್ದೂ ಉಂಟು.

ಸ್ಮಿತ್‌ನಲ್ಲಿ ಬೆರಗುಗೊಳಿಸುವ ವೇಗವಿರಲಿಲ್ಲ. ಕಣ್ಣಿತ್ತು, ತಾಳ್ಮೆಯಿತ್ತು. ತನ್ನವರು ತಳ್ಳುವವರೆಗೆ ಅರೆಗಳಿಗೆ ಕಾದು, ಮೈ ಹೊಗುವಷ್ಟು ಜಾಗದಲ್ಲಿ ನುಸುಳಿ, ಬೀಳುವುದೇ ಆದರೆ ಮುಂದಕ್ಕೇ ಬೀಳುತ್ತಿದ್ದ. 1994ರ ಜನವರಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಮೊದಲರ್ಧದಲ್ಲೇ ಭುಜದ ಕೀಲು ಸರಿಯಿತು. ಆದರೂ ಒಟ್ಟು 32 ಬಾರಿ ಚೆಂಡು ಹೊತ್ತು 168 ಗಜ ಓಡಿದ. ಹೆಚ್ಚುವರಿ ಅವಧಿಯಲ್ಲಿ ತಂಡ ಗೆದ್ದಿತು.

ಡಲ್ಲಾಸ್‌ನ ಆ ಲೈನ್‌ಮನ್‌ಗಳ ಹಿಂದೆ ಯಾರಾದರೂ ಓಡಬಹುದಿತ್ತು ಎಂದು ಸ್ಯಾಂಡರ್ಸ್ ಅಭಿಮಾನಿಗಳು ಮೂಗು ಮುರಿಯುತ್ತಾರೆ. ನಾನೂ ಮುರಿದವನೇ. ಆದರೆ 1993ರ ಮೊದಲೆರಡು ಪಂದ್ಯಗಳಿಗೆ ಸಂಬಳದ ತಕರಾರಿನಿಂದ ಸ್ಮಿತ್ ಬರಲಿಲ್ಲ. ಲೈನ್‌ಮನ್‌ಗಳು ಇದ್ದರು, ಕೌಬಾಯ್ಸ್ ಎರಡನ್ನೂ ಸೋತರು. ಅವನು ಬಂದ ಮೇಲೆ ಅದೇ ತಂಡ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಪ್ರತಿ ಓಟಕ್ಕೆ ಸ್ಯಾಂಡರ್ಸ್‌ನ ಸರಾಸರಿ 5 ಗಜ, ಸ್ಮಿತ್‌ನದು 4.2 ಎಂಬ ಅಂಕಿ ಈ ಜಗಳವನ್ನು ತೀರಿಸಲಾರದು. ಎರಡೇ ಗಜ ಬೇಕಾದಾಗ ನಾನು ಚೆಂಡು ಕೊಡುವುದು ಸ್ಮಿತ್‌ಗೆ. ಟಿಕೆಟ್ ಕೊಂಡು ನೋಡಹೋಗುವುದು ಸ್ಯಾಂಡರ್ಸ್‌ನನ್ನು.

ಕನ್ನಡದಲ್ಲಿ ನಡೆ ಎಂದರೆ ಹೆಜ್ಜೆಯೂ ಹೌದು, ನಡತೆಯೂ ಹೌದು. ಷಟ್ಪದಿಗೂ ಒಂದು ನಡೆ ಉಂಟು. ಈ ಇಬ್ಬರ ವಿಷಯದಲ್ಲಿ ಆ ಅರ್ಥಗಳನ್ನು ಬಿಡಿಸಿ ನೋಡಲು ನನ್ನಿಂದಾಗುವುದಿಲ್ಲ. ಸ್ಮಿತ್ ಗಜಗಜವನ್ನೂ ಕೂಡಿಟ್ಟ. ವಾಲ್ಟರ್ ಪೇಟನ್‌ನ 16,726 ಗಜಗಳ ಜೀವಮಾನದ ಓಟದ ದಾಖಲೆಯನ್ನು 2002ರಲ್ಲಿ, ತನ್ನ ಹದಿಮೂರನೆಯ ಋತುವಿನಲ್ಲಿ ದಾಟಿದ, 18,355ಕ್ಕೆ ನಿಂತ. ಸ್ಯಾಂಡರ್ಸ್ 1989ರ ಕೊನೆಯ ಪಂದ್ಯದಲ್ಲಿ ಲೀಗ್‌ನ ಓಟದ ಕಿರೀಟಕ್ಕೆ ಹತ್ತು ಗಜ ಉಳಿದಿದ್ದಾಗ, ಪಂದ್ಯ ಹೇಗೂ ಗೆದ್ದಾಗಿದೆ ಎಂದು ಮತ್ತೆ ಅಂಗಳಕ್ಕೆ ಇಳಿಯಲಿಲ್ಲ. ಅದು ಅವನ ಮೊದಲ ವರ್ಷ. ಗುರಿಗೆರೆ ದಾಟಿ ಟಚ್‌ಡೌನ್ ಆದಾಗ ಕುಣಿಯದೆ ಚೆಂಡನ್ನು ರೆಫರಿ ಕೈಗೆ ಕೊಟ್ಟು ಬರುವುದು ಅವನ ರೂಢಿಯಾಗಿತ್ತು.

1999ರ ಜುಲೈನಲ್ಲಿ ಪೇಟನ್ ದಾಖಲೆಗೆ ಅವನಿಗೆ ಬೇಕಿದ್ದದ್ದು 1,457 ಗಜ. ಹಿಂದಿನ ಋತುವೊಂದರಲ್ಲೇ 1,491 ಓಡಿದ್ದ. ವಯಸ್ಸು 31. ತನ್ನೂರು ವಿಚಿಟಾದ ಪತ್ರಿಕೆಗೆ ನಿವೃತ್ತಿಯ ಒಂದು ಫ್ಯಾಕ್ಸ್ ಕಳಿಸಿ ಲಂಡನ್‌ಗೆ ಹೊರಟುಹೋದ.