ಕರಡಿಗೆ ಮತ್ತು ದಾದಿಯ ಕೈ

ಇಷ್ಟಲಿಂಗವು ಅಂಗದಿಂದ ಅಗಲಬಾರದೆಂಬುದು ಶರಣರ ನಿಲುವು. ಆದರೆ ಶಸ್ತ್ರಚಿಕಿತ್ಸೆಗೆ ಮುನ್ನ ದಾದಿ ಮೈಮೇಲಿನ ಲೋಹವನ್ನೆಲ್ಲ ತೆಗೆಯಹೇಳುತ್ತಾಳೆ. ವಿದ್ಯುತ್ ಉಪಕರಣದಿಂದ ಸುಟ್ಟಗಾಯವಾದೀತೆಂಬ ಅವಳ ಭಯವೂ ನಿಜವೇ. ಪುತ್ತೂರು, ಸುಳ್ಯ, ಕಡಬಗಳಲ್ಲಿ ತುಳು, ಅರೆಭಾಷೆ, ಬ್ಯಾರಿ, ಮಲಯಾಳಗಳು ಒಂದೇ ವಾರ್ಡಿನಲ್ಲಿ ನರಳುತ್ತವೆ. ಲಿಂಗವಂತರು ಅಲ್ಲಿ ವಿರಳ. ಬೆಳ್ಳಿಯ ಕರಡಿಗೆ ಬಿಚ್ಚಲೊಲ್ಲದ ವೃದ್ಧರ ಅಳಲು ಆಕೆಗೆ ಬರಿಯ ಹಟವೆಂದು ತೋರಿದರೆ ಆಶ್ಚರ್ಯವಿಲ್ಲ.

ರೋಗಿಯ ಶ್ರದ್ಧೆಯನ್ನು ಗೌರವಿಸಬೇಕೆಂದು ಅಂತಾರಾಷ್ಟ್ರೀಯ ದಾದಿಯರ ಮಂಡಳಿಯ ನೀತಿಸಂಹಿತೆಯೇ ಹೇಳುತ್ತದೆ. ದೇವರ ಮಾತು ತಮ್ಮ ಕೆಲಸವಲ್ಲವೆನ್ನುವ ದಾದಿಯರುಂಟು. ಕೈ ಹಿಡಿದು ಆಲಿಸುವುದೂ ಆರೈಕೆಯೆನ್ನುವವರೂ ಉಂಟು. ಎರಡನೆಯವರದೇ ಸರಿ. ಉಪದೇಶ ಮಾತ್ರ ಬೇಡ. ಕರಡಿಗೆಯನ್ನು ಗಡಿಯಾರ, ಉಂಗುರಗಳ ಚೀಲಕ್ಕೆ ಹಾಕದೆ ಬಂಧುಗಳ ಅಂಗೈಗಿತ್ತು, ಎಚ್ಚರವಾದೊಡನೆ ಮರಳಿ ಧರಿಸಗೊಟ್ಟರೆ ಸಾಕು. ಪಾಳಿಯುದ್ದಕ್ಕೂ ಓಡಾಡುವವಳಿಗೆ ಇದೆಲ್ಲ ತಾನಾಗಿ ತಿಳಿಯುವುದೆಂತು? ದಾಖಲಾಗುವಾಗಲೇ ಭಕ್ತರು ಹೇಳಿಡಬೇಕು.