ಗುರುವಿನ ಕೈ, ಶಿಷ್ಯನ ಕೈ

ಯಂತ್ರಮಾನವನ ನಿರ್ಮಾಣವು ಇಂದು ಶಾಲೆಯ ಅಂಗಳಕ್ಕೂ ಬಂದಿದೆ. 2016ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯು ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿಗಳವರೆಗೆ ನೆರವನ್ನು ಗೊತ್ತುಪಡಿಸಿ, 6ರಿಂದ 12ನೆಯ ತರಗತಿಯ ಮಕ್ಕಳಿಗೆ ಉಪಕರಣಗಳನ್ನು ಒದಗಿಸಿತು. ಅವನ್ನು ಹಿಡಿಯಬೇಕಾದ ಕೈ ಗುರುವಿನದೋ ಶಿಷ್ಯನದೋ ಎಂಬ ಪ್ರಶ್ನೆಯೂ ಜೊತೆಯಲ್ಲೇ ಬಂದಿತು. ವ್ಯಾಕರಣ, ಛಂದಸ್ಸುಗಳನ್ನು ಬೋಧಿಸುವ ಪಂಡಿತನಿಗೆ ಯಂತ್ರದ ಗೊಡವೆಯೇಕೆಂದು ವಾಚಕರು ಹುಬ್ಬೇರಿಸಬಹುದು. ಆದರೆ ಇದು ಮೂಲತಃ ಅಧ್ಯಾಪನದ ಪ್ರಶ್ನೆ.

ಇದನ್ನು ಬಹುಕಾಲದಿಂದ ಎದುರಿಸಿದವರು ಅಮೆರಿಕದವರು. ಡೀನ್ ಕಾಮೆನ್ 1989ರಲ್ಲಿ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆಯು 1992ರಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳಿಗಾಗಿ ಯಂತ್ರಮಾನವ ಸ್ಪರ್ಧೆಯನ್ನು ಮೊದಲಿಗೆ ನಡೆಯಿಸಿತು. ಎಂ.ಐ.ಟಿ.ಯ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಅದಕ್ಕೆ ರೂಪ ಕೊಡಲು ನೆರವಾದರು. ವೃತ್ತಿನಿರತ ಎಂಜಿನಿಯರುಗಳೊಡನೆ ಮಕ್ಕಳು ಹೆಗಲಿಗೆ ಹೆಗಲು ಕೊಟ್ಟು ದುಡಿಯಲೆಂಬುದು ಅದರ ಆಶಯ. ಕಣದಲ್ಲಿ ಯಂತ್ರವನ್ನು ನಡೆಯಿಸುವವರು ವಿದ್ಯಾರ್ಥಿಗಳೇ ಆಗಿರಬೇಕು. ಪಕ್ಕದಲ್ಲಿ ನಿಂತು ಸಲಹೆ ನೀಡುವವನು ಹಿರಿಯನಾಗಿರಬಹುದು, ಆದರೆ ನಿಯಂತ್ರಣದ ಗುಂಡಿಗಳನ್ನು ಅವನು ಮುಟ್ಟುವಂತಿಲ್ಲ. ಕಾರ್ಯಶಾಲೆಯೊಳಗೆ ಮಾತ್ರ ಅಂತಹ ಗೆರೆಯಿಲ್ಲ. ಅಲ್ಲಿಯ ಹಂಚಿಕೆಯನ್ನು ಆಯಾ ತಂಡವೇ ನಿರ್ಣಯಿಸಿಕೊಳ್ಳಬೇಕು.

ಇಲ್ಲಿ ಎರಡು ದೋಷಗಳು ಸಂಭವಿಸುತ್ತವೆ. ಗಡುವು ಸಮೀಪಿಸಿದಂತೆ ಗುರುವಿನ ತಾಳ್ಮೆ ಕುಂದಿ, ಶಿಷ್ಯನ ಕೈಯ ಸ್ಕ್ರೂಡ್ರೈವರು ಅವನ ಕೈಗೆ ಹೋಗುತ್ತದೆ. ಯಂತ್ರವೇನೋ ಸೊಗಸಾಗಿ ಓಡುತ್ತದೆ. ಮಕ್ಕಳು ಪ್ರೇಕ್ಷಕರಾಗಿ ನಿಲ್ಲುತ್ತಾರೆ. ‘ಎಲ್ಲವನ್ನೂ ಮಕ್ಕಳೇ ಮಾಡಲಿ’ ಎಂದು ಗುರು ದೂರ ಸರಿಯುವುದು ಇನ್ನೊಂದು ದೋಷ. ಹಲ್ಲುಚಕ್ರಗಳ ಲೆಕ್ಕ, ಬ್ಯಾಟರಿಯ ಜೋಡಣೆ, ಲೋಹ ಕೊರೆಯುವಾಗಿನ ಎಚ್ಚರ ಇವನ್ನು ತೋರಿಸಿಕೊಡದೆ ಬಿಡುವುದು ಸ್ವಾತಂತ್ರ್ಯದ ಹೆಸರಿನ ಉಪೇಕ್ಷೆಯೇ ಸರಿ.

ಗಣ ತಪ್ಪಿದ ಪಾದವನ್ನು ಗುರುವೇ ತಿದ್ದಿ ಬರೆದರೆ ಪದ್ಯವು ಶುದ್ಧವಾದೀತು. ಶಿಷ್ಯನ ಕಿವಿ ಪಳಗದು. ಆದುದರಿಂದ ಪ್ರಸ್ತಾರದ ಕ್ರಮವನ್ನು ಒಂದು ಪದ್ಯದಲ್ಲಿ ತೋರಿಸಿ, ಮುಂದಿನದರಲ್ಲಿ ತಪ್ಪಿದ ಎಡೆಯ ಮೇಲೆ ಬೆರಳಿಟ್ಟು ಸುಮ್ಮನಾಗುವುದು ನಮ್ಮ ಪದ್ಧತಿ. ಯಂತ್ರಕ್ಕೂ ಇದೇ ನ್ಯಾಯ. ಮೊದಲ ಚಕ್ರವನ್ನು ಗುರು ಜೋಡಿಸಿ ತೋರಿಸಲಿ, ಉಳಿದ ಮೂರನ್ನು ಶಿಷ್ಯರು ಜೋಡಿಸಲಿ. ಅಪಾಯದ ಉಪಕರಣದ ಬಳಿ ಗುರು ಇರಲೇಬೇಕು. ವಿನ್ಯಾಸದ ನಿರ್ಣಯವೂ ಆ ನಿರ್ಣಯದಿಂದ ಬರುವ ಸೋಲೂ ಶಿಷ್ಯರದಾಗಿರಲಿ. ಕೆಟ್ಟು ನಿಂತ ಯಂತ್ರವನ್ನು ಮಕ್ಕಳೇ ಪರೀಕ್ಷಿಸಿ, ಕಾರಣವನ್ನು ಹೇಳಿ, ಸರಿಪಡಿಸಬಲ್ಲರಾದರೆ ಕೆಲಸದ ಹಂಚಿಕೆ ಸರಿಯಾಗಿದೆಯೆಂದು ತಿಳಿಯಬೇಕು.

‘ಫಸ್ಟ್’ ಸ್ಪರ್ಧೆಯಲ್ಲಿ ಉತ್ತಮ ಮಾರ್ಗದರ್ಶಕರಿಗೆ ಫ್ಲವರ್ಸ್ ಅವರ ಹೆಸರಿನ ಪ್ರಶಸ್ತಿಯೊಂದುಂಟು. ಅದಕ್ಕೆ ಅರ್ಹರನ್ನು ಸೂಚಿಸಿ ಪ್ರಬಂಧ ಬರೆಯುವವರು ವಿದ್ಯಾರ್ಥಿಗಳು. ಗುರುವಿನ ಶ್ರಮಕ್ಕೆ ಶಿಷ್ಯನೇ ಸಾಕ್ಷಿ ಎಂಬ ಈ ವ್ಯವಸ್ಥೆ ಮೆಚ್ಚತಕ್ಕದ್ದು.

ಎಂಜಿನಿಯರುಗಳಾಗಿರುವ ಹಳೆಯ ವಿದ್ಯಾರ್ಥಿಗಳು ರಜೆಯ ದಿನಗಳಲ್ಲಾದರೂ ಬಂದು ಮಕ್ಕಳೊಡನೆ ಕುಳಿತು ಕೆಲಸ ಮಾಡಲಿ. ದಾನಿಗಳಲ್ಲಿ ಒಂದು ವಿಜ್ಞಾಪನೆ: ಪ್ರಯೋಗಾಲಯವೊಂದನ್ನು ನೋಡಲು ಹೋದಾಗ ಕಪಾಟಿನ ಪಾರಿತೋಷಕಗಳನ್ನು ಎಣಿಸುವ ಮೊದಲು, ‘ಈ ತಂತಿ ಇಲ್ಲೇಕಿದೆ?’ ಎಂದು ಒಂದು ಮಗುವನ್ನು ಕೇಳಿರಿ. ಗುರುಗಳ ಮುಖವನ್ನು ನೋಡದೆ ಆ ಮಗು ಉತ್ತರಿಸಿತಾದರೆ ತಮ್ಮ ದಾನ ಸಾರ್ಥಕವಾಯಿತೆಂದು ಭಾವಿಸಬಹುದು.